ಮಗು ಇನ್ನೂ ಕೂರುತ್ತಿಲ್ಲ, ನಡೆಯುತ್ತಿಲ್ಲ: ಮಕ್ಕಳ ಫಿಸಿಯೋಥೆರಪಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ಕಂಕುಳಲ್ಲಿ ಮಗು, ಹೆಗಲಿಗೆ ಚೀಲ, ಚೀಲದೊಳಗೆ ದಪ್ಪ ಫೈಲು ಹಿಡಿದು ಬರುವ ಅಮ್ಮಂದಿರು ಕೇಳುವ ಪ್ರಶ್ನೆಗಳು ಇವು. ಎಲ್ಲ ಮುಗಿದ ಮೇಲೆ ಬಾಗಿಲ ಹತ್ತಿರ ತಿರುಗಿ ನಿಂತು ಅಜ್ಜಿಯರು ಕೇಳುವವೂ ಇಲ್ಲಿವೆ. ಮಗುವನ್ನು ನೋಡದೆ ಇಂಥದ್ದೇ ವ್ಯಾಯಾಮ ಮಾಡಿಸಿ ಎಂದು ಯಾರೂ ಹೇಳಬಾರದು, ನಾನೂ ಹೇಳುವುದಿಲ್ಲ. ಯಾವಾಗ ತೋರಿಸಬೇಕು, ಅಲ್ಲಿ ಏನು ಮಾಡುತ್ತಾರೆ, ಮನೆಯಲ್ಲಿ ನೀವೇನು ಮಾಡಬಹುದು ಎನ್ನುವುದನ್ನು ಮಾತ್ರ ಬರೆದಿದ್ದೇನೆ.

ಯಾವ ವಯಸ್ಸಿಗೆ ಮಗು ಏನು ಮಾಡಬೇಕು?

ಒಂದೇ ತಾರೀಖು ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿದಂತೆ 5 ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಒಂದು ಲೆಕ್ಕ ಕೊಟ್ಟಿತು. ಅದರ ಪ್ರಕಾರ ಆಸರೆ ಇಲ್ಲದೆ ಕೂರುವುದು ಸುಮಾರು 4ರಿಂದ 9 ತಿಂಗಳೊಳಗೆ. ಅಂಬೆಗಾಲು 5ರಿಂದ 13 ತಿಂಗಳೊಳಗೆ. ತಾನಾಗಿ ನಿಲ್ಲುವುದು 7ರಿಂದ 17 ತಿಂಗಳೊಳಗೆ. ತಾನಾಗಿ ನಡೆಯುವುದು 8ರಿಂದ ಹದಿನೇಳೂವರೆ ತಿಂಗಳೊಳಗೆ. ಎಷ್ಟು ಅಗಲದ ಅಂತರ ನೋಡಿ! ಪಕ್ಕದ ಮನೆ ಮಗು 10 ತಿಂಗಳಿಗೆ ನಡೆದು ನಿಮ್ಮದು 14ಕ್ಕೆ ನಡೆದರೆ ಎರಡೂ ಸರಿಯೇ.

ಅದೇ ಅಧ್ಯಯನದಲ್ಲಿ ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲು ಇಡಲೇ ಇಲ್ಲ. ಕೂತಲ್ಲೇ ಜಾರಿಕೊಂಡೋ ಹೊಟ್ಟೆ ಮೇಲೆ ತೆವಳಿಕೊಂಡೋ ಹೋಗಿ ನೇರವಾಗಿ ಎದ್ದು ನಿಂತರು. ಅಂಬೆಗಾಲು ಬಿಟ್ಟಿತು ಎನ್ನುವುದೊಂದೇ ಕಾರಣಕ್ಕೆ ಹೆದರಬೇಡಿ.

ನಾನು ಹೇಳುವ ಸುಲಭದ ಗೆರೆ ಇಷ್ಟು: 4 ತಿಂಗಳಾದರೂ ಕತ್ತು ನಿಂತಿಲ್ಲ, 9 ತಿಂಗಳಾದರೂ ಕೂರುತ್ತಿಲ್ಲ, ಒಂದೂವರೆ ವರ್ಷವಾದರೂ ನಡೆಯುತ್ತಿಲ್ಲ ಎಂದರೆ ತೋರಿಸಿ. ನಿಮ್ಮ ತಾಯಿ ಕಾರ್ಡ್‌ನಲ್ಲೂ ಮಗುವಿನ ಬೆಳವಣಿಗೆಯ ಚಿತ್ರಗಳಿವೆ. ಚುಚ್ಚುಮದ್ದಿನ ಪುಟ ನೋಡಿ ಮಡಿಚಿಡುತ್ತೇವೆ ಅಲ್ವಾ, ಇನ್ನೊಮ್ಮೆ ತೆಗೆದು ಆ ಪುಟವನ್ನೂ ನೋಡಿ.

“ಇವರಪ್ಪನೂ ಎರಡು ವರ್ಷಕ್ಕೆ ನಡೆದದ್ದು” ಎನ್ನುತ್ತಾರೆ ನಮ್ಮತ್ತೆ. ಕಾಯಬಹುದಾ?

ಅವರು ಹೇಳುವುದು ನಿಜವೇ ಇರಬಹುದು. ತಡವಾಗಿ ನಡೆಯುವುದು ಕೆಲವು ಮನೆತನಗಳಲ್ಲಿ ಇರುತ್ತದೆ. ಆದರೆ ಅದನ್ನು ಹೇಳಬೇಕಾದವರು ಮಗುವನ್ನು ಪರೀಕ್ಷೆ ಮಾಡಿದವರು. ತೋರಿಸಿದ ಮೇಲೆ ಏನೂ ಇಲ್ಲ ಎಂದರೆ ನಿಮಗೆ ಹೋಗುವುದು ಒಂದು ಮಧ್ಯಾಹ್ನ. ತೋರಿಸದೆ ಕಾದು, ನಿಜಕ್ಕೂ ತೊಂದರೆ ಇದ್ದರೆ, ಹೋಗುವುದು ಮಗುವಿನ ಮಿದುಳು ಅತಿ ವೇಗವಾಗಿ ಕಲಿಯುವ ತಿಂಗಳುಗಳು. ಅತ್ತೆಯವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಮುಂದೆ ಮನೆಯಲ್ಲಿ ಹೆಚ್ಚು ಹೊತ್ತು ಮಗುವಿನ ಜೊತೆ ಇರುವವರು ಅವರೇ.

ನಮ್ಮ ಮಗು ಏಳು ತಿಂಗಳಿಗೇ ಹುಟ್ಟಿತು. ವಯಸ್ಸು ಹೇಗೆ ಲೆಕ್ಕ ಹಾಕುವುದು?

ಹುಟ್ಟಬೇಕಿದ್ದ ದಿನದಿಂದ. 28 ವಾರಕ್ಕೆ ಹುಟ್ಟಿದ ಮಗು 12 ವಾರ ಬೇಗ ಬಂದಿದೆ, ಅಂದರೆ ಸುಮಾರು 3 ತಿಂಗಳು. ಇವತ್ತು ಅದಕ್ಕೆ 10 ತಿಂಗಳಾದರೆ ನಾವು ಅದನ್ನು 7 ತಿಂಗಳ ಮಗು ಎಂದು ನೋಡುತ್ತೇವೆ. 2 ವರ್ಷದವರೆಗೆ ಈ ಲೆಕ್ಕ ನಡೆಯುತ್ತದೆ. ಚುಚ್ಚುಮದ್ದಿಗೆ ಮಾತ್ರ ಹುಟ್ಟಿದ ದಿನವೇ ಲೆಕ್ಕ.

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ ಇದ್ದು ಬಂದ ಮಕ್ಕಳಿಗೆ ಬೇರೆ ಮಾತೂ ಇದೆ. ಹುಟ್ಟಿದಾಗ ಅಳಲಿಲ್ಲ, ಫಿಟ್ಸ್ ಬಂತು, ಕಾಮಾಲೆ ಜಾಸ್ತಿಯಾಗಿ ರಕ್ತ ಬದಲಾಯಿಸಿದರು, ತೂಕ ಬಹಳ ಕಡಿಮೆ ಇತ್ತು ಎಂದಿದ್ದರೆ ತಡವಾಗಲಿ ಎಂದು ಕಾಯಲೇಬಾರದು. ಮೊದಲ ತಿಂಗಳುಗಳಿಂದಲೇ ಫಾಲೋಅಪ್‌ಗೆ ಹೋಗಬೇಕು. ಮಗು ಮಲಗಿದಲ್ಲೇ ಕೈಕಾಲು ಆಡಿಸುವ ರೀತಿಯನ್ನು ನೋಡಿ, ಸೆರೆಬ್ರಲ್ ಪಾಲ್ಸಿ (ಎಳೆಯ ಮಿದುಳಿಗೆ ಪೆಟ್ಟಾಗಿ ಕೈಕಾಲಿನ ಚಲನೆ ಕೆಡುವ ತೊಂದರೆ) ಆಗುವ ಅಪಾಯ ಇದೆಯೇ ಎಂದು 6 ತಿಂಗಳೊಳಗೇ ಗುರುತಿಸುವ ಪರೀಕ್ಷೆಗಳು ಈಗ ಇವೆ.

ಯಾವುದು ಕಂಡರೆ ಕಾಯಲೇಬಾರದು?

ಬರುತ್ತಿದ್ದದ್ದು ಹೋಯಿತು ಎನ್ನುವುದು ಎಲ್ಲಕ್ಕಿಂತ ಮುಖ್ಯ. ಕೂರುತ್ತಿದ್ದ ಮಗು ಕೂರುವುದು ಬಿಟ್ಟಿತು, ನಗುತ್ತಿದ್ದ ಮಗು ಮಂಕಾಯಿತು ಎಂದರೆ ಆ ವಾರವೇ ಮಕ್ಕಳ ವೈದ್ಯರ ಹತ್ತಿರ ಹೋಗಿ.

ಮುಖದಲ್ಲಿ ಒಳ್ಳೆಯ ಚುರುಕು, ಕಣ್ಣಲ್ಲಿ ಕಣ್ಣಿಟ್ಟು ನಗು, ಆದರೆ ಕೈಕಾಲು ಬಟ್ಟೆಯ ಹಾಗೆ ಮೆತ್ತಗೆ ಎಂದರೆ ಅದೂ ತುರ್ತು. ಅದು ಬೆನ್ನುಹುರಿಯ ನರಗಳಿಗೆ ಸಂಬಂಧಿಸಿದ ಎಸ್‌ಎಂಎ ಕಾಯಿಲೆ ಇರಬಹುದು. ಅದಕ್ಕೆ ಈಗ ಔಷಧಗಳಿವೆ. ಅವು ಬೇಗ ಕೊಟ್ಟಷ್ಟೂ ಚೆನ್ನಾಗಿ ಕೆಲಸ ಮಾಡುತ್ತವೆ.

ಇನ್ನೊಂದನ್ನು ತುಂಬ ಜನ ಸಂತೋಷದಿಂದ ಹೇಳುತ್ತಾರೆ: “ನಮ್ಮ ಪಾಪು ಈಗಲೇ ಎಲ್ಲ ಬಲಗೈಯಲ್ಲೇ ಹಿಡಿಯುತ್ತೆ.” ಒಂದು ವರ್ಷಕ್ಕೆ ಮುಂಚೆ ಮಗು ಎರಡೂ ಕೈ ಬಳಸಬೇಕು. ಒಂದೇ ಕೈ ಬಳಸುತ್ತಿದೆ ಎಂದರೆ ಇನ್ನೊಂದು ಕೈ ಯಾಕೆ ಸುಮ್ಮನಿದೆ ಎಂದು ನೋಡಬೇಕು.

ಬಟ್ಟೆ ಬದಲಿಸುವಾಗ ತೊಡೆ ಅಗಲಿಸಲು ಬರದಷ್ಟು ಬಿಗಿ, ಎತ್ತಿ ಹಿಡಿದರೆ ಕಾಲುಗಳು ಕತ್ತರಿಯ ಹಾಗೆ ಒಂದರ ಮೇಲೊಂದು ಬರುವುದು, 4 ತಿಂಗಳಾದರೂ ಮುಷ್ಟಿ ಬಿಡಿಸದೆ ಇರುವುದು, ಯಾವಾಗಲೂ ತುದಿಗಾಲು, ಇವನ್ನೂ ತೋರಿಸಿ. 3-4 ವರ್ಷದ ಗಂಡು ಮಗು ನೆಲದಿಂದ ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈ ಊರಿಕೊಂಡು ಏಳುತ್ತಿದ್ದರೆ, ಮೀನಖಂಡ ದಪ್ಪಗೆ ಕಾಣುತ್ತಿದ್ದರೆ, ಸಿಕೆ ಎನ್ನುವ ರಕ್ತಪರೀಕ್ಷೆ ಮಾಡಿಸಬೇಕು. ಅದು ಸ್ನಾಯುವಿನ ಕಾಯಿಲೆ ಇರಬಹುದು. ಆ ಮಕ್ಕಳಿಗೆ ಬೆವರು ಬರುವಂಥ ವ್ಯಾಯಾಮ ಮಾಡಿಸಿದರೆ ತೊಂದರೆಯೇ ಜಾಸ್ತಿ. ಅದಕ್ಕೇ ಮೊದಲು ಪರೀಕ್ಷೆ.

ಯಾಕೆ ಹೀಗಾಯಿತು? ನಾನೇನಾದರೂ ತಪ್ಪು ಮಾಡಿದೆನಾ?

ಈ ಪ್ರಶ್ನೆಯನ್ನು ಅಮ್ಮಂದಿರು ತಲೆ ತಗ್ಗಿಸಿಕೊಂಡು ಕೇಳುತ್ತಾರೆ. ಇಲ್ಲಮ್ಮ, ನೀವು ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಆಗಲಿಲ್ಲ. ಪಪ್ಪಾಯಿ ತಿಂದದ್ದರಿಂದ ಆಗಲಿಲ್ಲ. ಬಸುರಿಯಲ್ಲಿ ಅತ್ತಿದ್ದರಿಂದಲೂ ಆಗಲಿಲ್ಲ.

ಕಾರಣಗಳು ಹಲವು. ಹುಟ್ಟುವಾಗ ಮಿದುಳಿಗೆ ಆಮ್ಲಜನಕ ಕಡಿಮೆಯಾಗಿರಬಹುದು, ಅವಧಿಗೆ ಮುಂಚೆ ಹುಟ್ಟಿರಬಹುದು, ಮಿದುಳು ಜ್ವರ ಬಂದಿರಬಹುದು, ಡೌನ್ ಸಿಂಡ್ರೋಮ್‌ನಂಥ ವಂಶವಾಹಿಯ ಕಾರಣ ಇರಬಹುದು. ಎಷ್ಟೋ ಸಲ ಹುಡುಕಿದರೂ ಕಾರಣ ಸಿಗುವುದಿಲ್ಲ.

ಗುಣವಾಗುವ ಕಾರಣಗಳೂ ಇವೆ, ಅವನ್ನು ತಪ್ಪಿಸಿಕೊಂಡರೆ ನನಗೆ ಬಹಳ ಬೇಸರವಾಗುತ್ತದೆ. ಥೈರಾಯ್ಡ್ ಕೊರತೆ ಒಂದು. ವಿಟಮಿನ್ ಡಿ ಕೊರತೆಯಿಂದ ಮೂಳೆ ಮೆತ್ತಗಾಗುವ ರಿಕೆಟ್ಸ್ ಇನ್ನೊಂದು. ಮೂರನೆಯದು ಬಿ12 ಕೊರತೆ. ಅಮ್ಮ ಶುದ್ಧ ಸಸ್ಯಾಹಾರಿ, ಹಾಲು ಮೊಸರೂ ಕಡಿಮೆ, ಮಗುವಿಗೆ ವರ್ಷವಾದರೂ ಎದೆಹಾಲು ಮಾತ್ರ ಎಂದಿದ್ದರೆ ಮಗುವಿಗೆ ಬಿ12 ಸಾಕಷ್ಟು ಸಿಗುವುದೇ ಇಲ್ಲ. ಮಗು ದುಂಡಗೇ ಕಾಣಬಹುದು. ಆದರೆ ಮಂಕು, ಬೆರಳ ಗೆಣ್ಣುಗಳು ಕಪ್ಪು, ಕೂದಲು ತೆಳು, ಕಲಿತದ್ದು ಒಂದೊಂದಾಗಿ ಮರೆಯುವುದು, ಕೆಲವೊಮ್ಮೆ ಕೈಕಾಲು ನಡುಕ. ಒಂದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ. ಔಷಧ ಶುರುವಾದ ಮೇಲೆ ಮಗು ಮತ್ತೆ ನಗುವುದನ್ನು ನೋಡಬೇಕು ನೀವು. ಅಂಥ ಮಗುವಿಗೆ ಬರೀ ಫಿಸಿಯೋಥೆರಪಿ ಮಾಡಿಸುತ್ತಾ ಕೂತರೆ ಅದು ಅನ್ಯಾಯ. ಆದ್ದರಿಂದ ಮಕ್ಕಳ ವೈದ್ಯರನ್ನು ದಾಟಿ ನೇರವಾಗಿ ನಮ್ಮ ಹತ್ತಿರ ಬರಬೇಡಿ.

ಎಂಆರ್‌ಐ ರಿಪೋರ್ಟ್ ಬರಲಿ, ಆಮೇಲೆ ಶುರು ಮಾಡೋಣವಾ?

ಬೇಡ. ಪರೀಕ್ಷೆಗಳು ಅವುಗಳ ಪಾಡಿಗೆ ನಡೆಯಲಿ. ವೈದ್ಯರು ಒಮ್ಮೆ ಪರೀಕ್ಷಿಸಿ ಸರಿ ಎಂದ ಮೇಲೆ ಕೂರಲು, ಹಿಡಿಯಲು, ಮಗುಚಿಕೊಳ್ಳಲು ಕಲಿಸುವುದಕ್ಕೆ ರೋಗದ ಹೆಸರು ಗೊತ್ತಿರಬೇಕಾಗಿಲ್ಲ. ಎಂಆರ್‌ಐ ನಾರ್ಮಲ್ ಬಂದರೆ ತೊಂದರೆ ಇಲ್ಲ ಎಂದೂ ಅಲ್ಲ. ಸ್ಕ್ಯಾನ್ ಹೇಗೇ ಇರಲಿ, ನಾವು ಕೆಲಸ ಮಾಡುವುದು ಎದುರಿಗಿರುವ ಮಗುವಿನ ಜೊತೆ.

ಫಿಸಿಯೋಥೆರಪಿಯಲ್ಲಿ ನಿಜವಾಗಿ ಏನು ಮಾಡುತ್ತಾರೆ?

ತುಂಬ ಜನರ ಕಲ್ಪನೆ ಹೀಗಿದೆ: ಮಗುವನ್ನು ಮಲಗಿಸುತ್ತಾರೆ, ಕಾಲು ಮಡಚಿ ಬಿಡಿಸುತ್ತಾರೆ, ಎಳೆಯುತ್ತಾರೆ, ಅರ್ಧ ಗಂಟೆ ಆದ ಮೇಲೆ ವಾಪಸ್ ಕೊಡುತ್ತಾರೆ. ಹಿಂದೆ ಬಹಳಷ್ಟು ಹಾಗೇ ನಡೆಯುತ್ತಿತ್ತು. ಈಗಲೂ ಕೆಲವು ಕಡೆ ನಡೆಯುತ್ತದೆ. ಆದರೆ ಬೇರೆಯವರು ಕಾಲು ಆಡಿಸಿದರೆ ಮಗು ನಡೆಯಲು ಕಲಿಯುವುದಿಲ್ಲ. ನಾವು ಸೈಕಲ್ ಕಲಿತದ್ದು ಸೈಕಲ್ ತುಳಿದು ತಾನೇ? ಮಗುವೂ ಹಾಗೆಯೇ. ಏಳುವುದನ್ನು ಎದ್ದು ಎದ್ದು, ಕೂರುವುದನ್ನು ಕೂತು ಬಿದ್ದು ಮತ್ತೆ ಕೂತು ಕಲಿಯಬೇಕು.

ಹಾಗಾಗಿ ಒಳ್ಳೆಯ ಥೆರಪಿ ಹೊರಗಿನಿಂದ ನೋಡಿದರೆ ಆಟದ ಹಾಗೆ ಕಾಣುತ್ತದೆ. ಮೊದಲು ಒಂದು ಗುರಿ ಇಟ್ಟುಕೊಳ್ಳುತ್ತೇವೆ. “ಚೆನ್ನಾಗಿ ಆಗಬೇಕು” ಎನ್ನುವುದು ಗುರಿಯಲ್ಲ. “ಇನ್ನು ಎರಡು ತಿಂಗಳಲ್ಲಿ ಅಣ್ಣನ ಪಕ್ಕ ನೆಲದ ಮೇಲೆ ಕೂತು ಊಟ ಮಾಡಬೇಕು” ಎನ್ನುವುದು ಗುರಿ. ಆ ಕೆಲಸಕ್ಕೆ ಎಲ್ಲಿ ಅಡ್ಡಿಯಾಗುತ್ತಿದೆ ಎಂದು ಹುಡುಕುತ್ತೇವೆ. ಸೊಂಟದಲ್ಲಿ ಬಲ ಇಲ್ಲವಾ, ತೊಡೆಯ ಹಿಂದೆ ಬಿಗಿಯಾ, ಬೀಳುವ ಭಯವಾ? ಅದಕ್ಕೆ ತಕ್ಕಂತೆ ಆಸರೆ ಕೊಟ್ಟು, ಮಗು ತಾನೇ ಮಾಡುವಂತೆ ಆಟಿಕೆ ಇಡುತ್ತೇವೆ. ಸ್ವಲ್ಪ ಬಂದ ಕೂಡಲೇ ಆಸರೆ ಕಡಿಮೆ ಮಾಡುತ್ತೇವೆ. ಒಂದು ಕೈ ಮಾತ್ರ ಸೋತಿದ್ದರೆ, ಚೆನ್ನಾಗಿರುವ ಕೈಗೆ ದಿನದಲ್ಲಿ ಇಷ್ಟು ಹೊತ್ತು ಎಂದು ಕೈಗವಸು ತೊಡಿಸಿ ಸೋತ ಕೈಗೆ ಕೆಲಸ ಕೊಡುವ ವಿಧಾನವಿದೆ. ಅದರಿಂದ ಒಳ್ಳೆಯ ಫಲ ಸಿಗುತ್ತದೆ ಎನ್ನುವುದು ಅಧ್ಯಯನಗಳಲ್ಲಿ ಚೆನ್ನಾಗಿ ಸಾಬೀತಾಗಿದೆ.

ನೀವು ಹೋಗುವ ಕಡೆ ನಿಮ್ಮನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಂಡರೆ, ಒಳಗೆ ಕೂರುತ್ತೇನೆ ಎಂದು ಕೇಳಿ. ಅರ್ಧ ಗಂಟೆಯಲ್ಲಿ ಅತಿ ಹೆಚ್ಚು ಕಲಿಯಬೇಕಾದವರು ನೀವು.

ದಿನಾ ಎಣ್ಣೆ ತಿಕ್ಕಿಸುತ್ತೇವಲ್ಲ, ಸಾಲದಾ?

ಮೆತ್ತಗೆ ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು ಒಳ್ಳೆಯದು. ಮಗುವಿಗೆ ಸ್ಪರ್ಶ ಸಿಗುತ್ತದೆ, ನಿದ್ದೆ ಬರುತ್ತದೆ, ಅಜ್ಜಿಯ ಹಾಡು ಸಿಗುತ್ತದೆ. ಬಿಡಬೇಡಿ. ಆದರೆ ಅದರಿಂದ ಕೂರುವುದು, ನಡೆಯುವುದು ಬರುವುದಿಲ್ಲ. ಕಾಲು ಹಿಡಿದು ತಲೆಕೆಳಗು ಮಾಡುವುದು, ಕೈಕಾಲು ಜಗ್ಗಿ ಲಟಲಟ ಅನ್ನಿಸುವುದು, ಮೂಗು ಕಿವಿಗೆ ಎಣ್ಣೆ ಬಿಡುವುದು ಖಂಡಿತ ಬೇಡ. ಬಿಗಿ ಇರುವ ಮಗುವನ್ನು ಬಲವಾಗಿ ಜಗ್ಗಿದರೆ ಮೂಳೆ ಮುರಿದದ್ದೂ ಉಂಟು.

ಮನೆಯಲ್ಲಿ ಏನು ಮಾಡಬೇಕು? ಕೆಲಸದ ನಡುವೆ ಪುರುಸೊತ್ತೇ ಇಲ್ಲ.

ಗೊತ್ತು. ಬೇರೆ ಪುರುಸೊತ್ತು ಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಹೇಗಿದ್ದರೂ ಮಗುವನ್ನು ದಿನಕ್ಕೆ ಹತ್ತಾರು ಸಲ ಎತ್ತುತ್ತೀರಿ, ಇಳಿಸುತ್ತೀರಿ, ಬಟ್ಟೆ ಹಾಕುತ್ತೀರಿ, ಊಟ ಮಾಡಿಸುತ್ತೀರಿ. ಅದರೊಳಗೇ ಥೆರಪಿ ಸೇರಿಸಿ.

ಮೊದಲನೆಯದು ನೆಲ. ನಮ್ಮ ಮನೆಗಳಲ್ಲಿ ಸಣ್ಣ ಮಗು ನೆಲ ಮುಟ್ಟುವುದೇ ಇಲ್ಲ. ಕಂಕುಳಿಂದ ತೊಡೆಗೆ, ತೊಡೆಯಿಂದ ಜೋಲಿಗೆ, ಜೋಲಿಯಿಂದ ಮತ್ತೆ ಕಂಕುಳಿಗೆ. ಪ್ರೀತಿಯಿಂದಲೇ, ನಿಜ. ಆದರೆ ಜೋಲಿಯಲ್ಲಿ ಮಗು ಬಾಗಿ ಮಲಗುತ್ತದೆ, ಕತ್ತು ಎತ್ತುವ ಕೆಲಸವೇ ಇಲ್ಲ. ಚಾಪೆ ಹಾಸಿ, ಎಚ್ಚರವಾಗಿರುವಾಗ ಹೊಟ್ಟೆ ಮೇಲೆ ಮಲಗಿಸಿ. ಎದೆಯ ಕೆಳಗೆ ಟವೆಲ್ ಸುರುಳಿ ಇಟ್ಟರೆ ತಲೆ ಎತ್ತುವುದು ಸುಲಭ. ಎದುರಿಗೆ ನೀವೇ ಮಲಗಿ ಮಾತಾಡಿಸಿ, ನಿಮ್ಮ ಮುಖಕ್ಕಿಂತ ಒಳ್ಳೆಯ ಆಟಿಕೆ ಇಲ್ಲ. ಒಂದು ನಿಮಿಷಕ್ಕೆ ಅತ್ತರೆ ಒಂದೇ ನಿಮಿಷ ಸಾಕು, ಆದರೆ ಹತ್ತು ಸಲ. ತಾನಾಗಿ ಓಡಾಡದ ಮಗುವಿಗೆ ದಿನಕ್ಕೆ ಎಲ್ಲ ಸೇರಿ ಅರ್ಧ ಗಂಟೆಯಾದರೂ ಹೀಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿದ್ದೆಗೆ ಮಾತ್ರ ಯಾವಾಗಲೂ ಅಂಗಾತ.

ಕೂರಲು ಕಲಿಯುವಾಗ ಗೋಡೆಯ ಮೂಲೆ ಒಳ್ಳೆಯದು, ಎರಡೂ ಕಡೆ ಆಸರೆ ಸಿಗುತ್ತದೆ. ಎದುರಿಗೆ ಮಣೆ ಅಥವಾ ಬೋರಲು ಹಾಕಿದ ಬಕೆಟ್ ಇಟ್ಟರೆ ಮೇಜು ಆಯಿತು. ಮಗು ಕಾಲನ್ನು ಹಿಂದಕ್ಕೆ ಎರಡು ಬದಿಗೆ ಚಾಚಿ ಕೂರುತ್ತಿದ್ದರೆ ಚಕ್ಕಳಮಕ್ಕಳ ಹಾಕಿಸಿ, ಇಲ್ಲವೇ ಪುಟ್ಟ ಸ್ಟೂಲ್ ಮೇಲೆ ಕೂರಿಸಿ. ನಿಲ್ಲುವುದಕ್ಕೆ ದಿವಾನದ ಅಂಚು ಸರಿಯಾದ ಎತ್ತರ. ಅದರ ಮೇಲೆ ಚಮಚ, ಲೋಟ, ಡಬ್ಬಿ ಹರಡಿ, ಮಗು ಹಿಡಿದುಕೊಂಡು ಪಕ್ಕಕ್ಕೆ ಹೆಜ್ಜೆ ಹಾಕುತ್ತದೆ.

ಇನ್ನೊಂದು ಮಾತು. ಮಗು ಕೈ ಚಾಚುವ ಮುಂಚೆಯೇ ಕೊಟ್ಟುಬಿಡಬೇಡಿ. ಹತ್ತು ಎಣಿಸಿ. ತಡವಾಗಿ ಬೆಳೆಯುವ ಮಗುವಿಗೆ ಶುರು ಮಾಡುವುದಕ್ಕೇ ಸಮಯ ಬೇಕು. ಆ ಹತ್ತು ಎಣಿಕೆಯಲ್ಲಿ ಅದು ಮಾಡುವ ಒದ್ದಾಟವೇ ವ್ಯಾಯಾಮ.

ಥೆರಪಿ ಮಾಡಿಸುವಾಗ ಅಳುತ್ತೆ. ಮುಂದುವರಿಸಲಾ?

ಹೊಸ ಜಾಗಕ್ಕೆ, ಹೊಸ ಮುಖಕ್ಕೆ ಅತ್ತರೆ ಎರಡು ಮೂರು ವಾರದಲ್ಲಿ ಕಡಿಮೆಯಾಗುತ್ತದೆ. ನೋವಿಗೆ ಅತ್ತರೆ ನಿಲ್ಲಿಸಿ. “ಅತ್ತರೆ ಅಳಲಿ” ಎಂದು ಮಾಡುವ ಥೆರಪಿಯಲ್ಲಿ ಮಗು ಕಲಿಯುವುದು ಭಯವನ್ನು ಮಾತ್ರ.

ವಾಕರ್ ಕೊಡಿಸಲಾ?

ನಡುವೆ ಕೂರಿಸಿ ಚಕ್ರದ ಮೇಲೆ ಓಡಾಡಿಸುವ ವಾಕರ್ ಬೇಡ. ಅದರಲ್ಲಿ ಮಗು ತುದಿಗಾಲಲ್ಲಿ ತಳ್ಳುತ್ತದೆ, ತೂಕ ಹೊರುವುದಿಲ್ಲ, ಸಮತೋಲನ ಕಲಿಯುವುದಿಲ್ಲ. ಮೆಟ್ಟಿಲಿಂದ ಬಿದ್ದು ತಲೆಗೆ ಪೆಟ್ಟಾಗುವುದರಿಂದ ಕೆನಡಾ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಹಳೆಯ ಮರದ ಮೂರು ಗಾಲಿ ಗಾಡಿ ಎಷ್ಟೋ ವಾಸಿ, ಮಗು ನಿಂತು ತಾನೇ ತಳ್ಳಬೇಕು. ಆದರೆ ಹಿಡಿದುಕೊಂಡು ಗಟ್ಟಿಯಾಗಿ ನಿಲ್ಲಲು ಬಂದ ಮೇಲೆ ಮಾತ್ರ.

ಕಾಲಿಗೆ ಸ್ಪ್ಲಿಂಟ್ (ಪಾದವನ್ನು ಸರಿಯಾಗಿ ಹಿಡಿದಿಡುವ ಗಟ್ಟಿ ಪಟ್ಟಿ) ಹಾಕಿಸಲು ಹೇಳಿದ್ದಾರೆ. ಕಾಲು ಇನ್ನೂ ಸೋಲುವುದಿಲ್ಲವಾ?

ಇಲ್ಲ. ಪಾದ ನೆಲಕ್ಕೆ ಚಪ್ಪಟೆಯಾಗಿ ಊರಲು, ಮೀನಖಂಡದ ಸ್ನಾಯು ಗಿಡ್ಡವಾಗದಂತೆ ತಡೆಯಲು ಅದು ಬೇಕು. ಮಗು ಬೆಳೆದ ಹಾಗೆ ಬದಲಿಸಬೇಕು, ಬಿಚ್ಚಿದ ಅರ್ಧ ಗಂಟೆಯ ನಂತರವೂ ಕೆಂಪು ಗುರುತು ಹೋಗದಿದ್ದರೆ ಸರಿಪಡಿಸಿಕೊಂಡು ಬನ್ನಿ.

ಇದಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಸೊಂಟದ ಕೀಲು. ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ನಿಧಾನವಾಗಿ ಜಾರುತ್ತದೆ, ಮೊದಲು ನೋವೂ ಇರುವುದಿಲ್ಲ. ನಡೆಯಲಾಗದ ಮಕ್ಕಳಿಗೆ ಅಪಾಯ ಹೆಚ್ಚು. ಸೊಂಟದ ಎಕ್ಸ್‌ರೇ ಯಾವಾಗ ಎಂದು ನೀವೇ ಕೇಳಿ.

ನಮ್ಮ ಮಗು ನಡೆಯುತ್ತಾ?

ಕೇಳುವಾಗ ನಿಮ್ಮ ಗಂಟಲು ಕಟ್ಟುತ್ತದೆ, ಉತ್ತರಿಸುವಾಗ ನನ್ನದೂ. ಸುಳ್ಳು ಹೇಳುವುದಿಲ್ಲ.

ಕಾರಣ ಬಿ12, ರಿಕೆಟ್ಸ್‌ನಂಥದ್ದಾದರೆ ಚಿಕಿತ್ಸೆಯ ಮೇಲೆ ಬಹಳಷ್ಟು ಮಕ್ಕಳು ನಡೆಯುತ್ತಾರೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚಿನವರು ನಡೆಯುತ್ತಾರೆ, ಸುಮಾರು 2 ವರ್ಷದ ಆಸುಪಾಸು, ಕೆಲವರು ಇನ್ನೂ ತಡವಾಗಿ. ಸೆರೆಬ್ರಲ್ ಪಾಲ್ಸಿ ಪೂರ್ತಿ ಗುಣವಾಗುವ ಕಾಯಿಲೆಯಲ್ಲ. ಅದರಲ್ಲಿ 1ರಿಂದ 5ರವರೆಗೆ ಹಂತಗಳಿವೆ. ಮೊದಲ ಹಂತದ ಮಕ್ಕಳು ಓಡುತ್ತಾರೆ, ಮೆಟ್ಟಿಲು ಹತ್ತುತ್ತಾರೆ. ಐದನೆಯ ಹಂತದವರಿಗೆ ತಲೆ ನಿಲ್ಲಿಸುವುದಕ್ಕೂ ಆಸರೆ ಬೇಕು. 2 ವರ್ಷದೊಳಗೆ ತಾನಾಗಿ ಕೂರುವ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಒಂದಲ್ಲ ಒಂದು ರೀತಿ ನಡೆಯುತ್ತಾರೆ. ಓಡಾಟಕ್ಕೆ ಸಂಬಂಧಿಸಿದ ಕಲಿಕೆಯ ಬಹುಪಾಲು 5 ವರ್ಷದೊಳಗೇ ಆಗುತ್ತದೆ. ನಾನು ಬೇಗ ಬನ್ನಿ ಎಂದು ಗೋಗರೆಯುವುದು ಅದಕ್ಕೇ.

ಗಾಲಿಕುರ್ಚಿ ಬೇಕಾದ ಮಗುವಿಗೆ ಅದನ್ನು ತಡಮಾಡದೆ ಕೊಡಿಸಿ. ಅದು ಸೋಲಲ್ಲ. ಬೇರೆ ಮಕ್ಕಳ ಜೊತೆ ಆಟದ ಬಯಲಿಗೆ ಹೋಗುವ ದಾರಿ.

ಎಷ್ಟು ದಿನ ಬರಬೇಕು?

ದಿನ ಅಲ್ಲ, ವರ್ಷಗಳ ಲೆಕ್ಕ. ಆದರೆ ದಿನಾ ಆಸ್ಪತ್ರೆಗೆ ಅಲೆಯಬೇಕಾಗಿಲ್ಲ. ಕೂಲಿ ಬಿಟ್ಟು 60 ಕಿಲೋಮೀಟರ್ ಬಸ್ಸಿನಲ್ಲಿ ಬರುವ ಮನೆಗೆ ವಾರಕ್ಕೊಂದು, ಆಮೇಲೆ ಹದಿನೈದು ದಿನಕ್ಕೊಂದು ಭೇಟಿ ಇಟ್ಟು ಮನೆಯ ಕೆಲಸ ಚೆನ್ನಾಗಿ ಕಲಿಸಿಕೊಡಬಹುದು. ಮೂರು ತಿಂಗಳಾದರೂ ಗುರಿಯತ್ತ ಏನೂ ಸರಿಯದಿದ್ದರೆ ವಿಧಾನ ಬದಲಿಸಿ ಎಂದು ಕೇಳುವ ಹಕ್ಕು ನಿಮಗಿದೆ.

ಗ್ರಹಣದ ದಿನ ಮಣ್ಣಿನಲ್ಲಿ ಹೂತರೆ ಕಾಲು ಬರುತ್ತದಂತೆ. ಸ್ಟೆಮ್ ಸೆಲ್ ಹಾಕಿಸಿದರೆ ಸರಿಯಾಗುತ್ತದಂತೆ. ನಿಜವಾ?

ಎರಡೂ ಬೇಡ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದಂದು ಕಲಬುರಗಿ ಹತ್ತಿರದ ತಾಜ್‌ಸುಲ್ತಾನ್‌ಪುರದಲ್ಲಿ ಮಕ್ಕಳನ್ನು ಕತ್ತಿನವರೆಗೆ ಹೂತದ್ದು ಸುದ್ದಿಯಾಯಿತು. ಆ ತಂದೆತಾಯಿಯರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಬೇರೆ ದಾರಿ ಯಾರೂ ತೋರಿಸದಿದ್ದಾಗ ಜನ ಏನನ್ನಾದರೂ ನಂಬುತ್ತಾರೆ. ಆದರೆ ಮಣ್ಣಿನ ಭಾರಕ್ಕೆ ಎದೆ ಹಿಗ್ಗದೆ ಮಗುವಿಗೆ ಉಸಿರು ಕಟ್ಟಬಹುದು, ಕಾಲಿಗೆ ಯಾವ ಬಲವೂ ಬರುವುದಿಲ್ಲ.

ಸ್ಟೆಮ್ ಸೆಲ್‌ಗೆ, ಅಂದರೆ ಆಕರ ಕೋಶಗಳನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆಗೆ ಹೊಲ ಮಾರಿದವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಲ್ಲಿ ಕೆಲವು ರಕ್ತದ ಕಾಯಿಲೆಗಳಂಥವಕ್ಕೆ ಮಾಡುವ ಕಸಿ ಬಿಟ್ಟರೆ ಬೇರೆಯದನ್ನು ಒಪ್ಪಿತ ಚಿಕಿತ್ಸೆ ಎಂದು ಪರಿಗಣಿಸಿಲ್ಲ. ಸೆರೆಬ್ರಲ್ ಪಾಲ್ಸಿಗೆ ದುಡ್ಡು ತೆಗೆದುಕೊಂಡು ಮಾಡುತ್ತೇವೆ ಎಂದರೆ ಎದ್ದು ಬನ್ನಿ.

ದುಡ್ಡಿಲ್ಲ. ಉಚಿತವಾಗಿ ಎಲ್ಲಿ ಸಿಗುತ್ತದೆ?

ಅಂಗನವಾಡಿಯಿಂದ ಶುರು ಮಾಡಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ ಬರಬೇಕು. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಅಲ್ಲಿಂದ ಜಿಲ್ಲಾ ಆಸ್ಪತ್ರೆಯ ಡಿಇಐಸಿಗೆ, ಅಂದರೆ ಮಕ್ಕಳ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರಕ್ಕೆ ಕಳಿಸುತ್ತಾರೆ. ತಂಡ ಬರಲಿಲ್ಲವೆಂದರೆ ನೀವೇ ನೇರವಾಗಿ ಹೋಗಿ. ಶಾಲೆಯ ವಯಸ್ಸಾಗಿದ್ದರೆ ತಾಲ್ಲೂಕಿನ ಬಿಆರ್‌ಸಿಯಲ್ಲಿ, ಅಂದರೆ ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್, ಇಂದಿರಾನಗರದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ, ಅಂಗವಿಕಲರಿಗಾಗಿ 1959ರಿಂದ ಕೆಲಸ ಮಾಡುತ್ತಿರುವ ಎಪಿಡಿ ಸಂಸ್ಥೆ ಇವೆ. ಮಾತು, ನುಂಗುವಿಕೆಯ ತೊಂದರೆಯೂ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ.

ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿ. ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕು ಪಂಚಾಯಿತಿಯ ಎಂಆರ್‌ಡಬ್ಲ್ಯೂ ಇದಕ್ಕೆಂದೇ ಇರುವ ಕಾರ್ಯಕರ್ತರು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇದ್ದರೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ 1 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಮೊದಲ ಭೇಟಿಗೆ ಏನು ತರಬೇಕು?

ಹೆರಿಗೆ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ತಾಯಿ ಕಾರ್ಡ್, ಇದುವರೆಗಿನ ರಿಪೋರ್ಟ್‌ಗಳು. ಫೋನಿನಲ್ಲಿ ಮಗು ಮನೆಯಲ್ಲಿ ಆಡುವ, ಮಗುಚುವ, ಊಟ ಮಾಡುವ ಎರಡು ಮೂರು ವಿಡಿಯೋ. ನಮ್ಮೆದುರು ಅದು ಅಳುತ್ತಾ ಕೂತರೆ ನಾವು ನಿಜವಾದ ಮಗುವನ್ನು ನೋಡುವುದು ಆ ವಿಡಿಯೋದಲ್ಲೇ. ಅದಕ್ಕೆ ಇಷ್ಟವಾದ ಆಟಿಕೆ, ಸ್ಟೀಲ್ ಲೋಟವಾದರೂ ಸರಿ. ಒಂದು ಜೊತೆ ಹೆಚ್ಚಿಗೆ ಬಟ್ಟೆ. ಊಟವಾಗಿ ಒಂದು ಗಂಟೆಯಾಗಿರಲಿ, ಹಸಿವೂ ಬೇಡ. ಅಪ್ಪ ಬರಲು ಆಗುವ ದಿನವನ್ನೇ ನೋಡಿ ಬನ್ನಿ, ಮಗುವನ್ನು ಹಿಡಿಯುವುದು ಹೇಗೆ ಎಂದು ಮೊದಲ ದಿನವೇ ಅವರ ಕೈಗೂ ಕಲಿಸುತ್ತೇವೆ.